ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ: ಗಾಳಿ ಎಲ್ಲಿಂದ ನುಗ್ಗುತ್ತಿತ್ತು ಅಂತ ಹುಡುಕಿದ ಕಥೆ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವು ಬಂತು, ಆಕ್ಸಿಲರೇಟರ್ ಬಿಟ್ಟೆ. ಬೈಕ್ ನಿಧಾನವಾಗಲಿಲ್ಲ. ಹಿಂದಿನಿಂದ ಯಾರೋ ತಳ್ಳುತ್ತಿದ್ದಾರೆ ಅನ್ನುವ ಹಾಗೆ ಮುಂದೆ ಹೋಗುತ್ತಲೇ ಇತ್ತು. ಗೇರ್ ಇಳಿಸಲು ಕ್ಲಚ್ ಹಿಡಿದರೆ ಎಂಜಿನ್ ರೊಂಯ್ ಅಂತ ಕೂಗಿತು. ನಾಲ್ಕೈದು ಸೆಕೆಂಡ್ ಆದಮೇಲೆ ರೇಸ್, ಅಂದರೆ ಎಂಜಿನ್ ತಿರುಗುವ ವೇಗ, ಮೆಲ್ಲಗೆ ಇಳಿಯಿತು. ಇಳಿಜಾರಿನಲ್ಲಿ ಎಂಜಿನ್ನೇ ನಮ್ಮ ಅರ್ಧ ಬ್ರೇಕ್ ಅಲ್ವಾ? ಅದಿಲ್ಲದೆ ಉಜಿರೆ ತಲುಪುವಷ್ಟರಲ್ಲಿ ಕೈ ನಡುಗುತ್ತಿತ್ತು.

ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ನನ್ನದು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೆಯ 100 ಸಿಸಿ ಬೈಕ್. ಊರಿಗೆ ಬಂದು ಗ್ಯಾರೇಜಿಗೆ ತೋರಿಸಿದೆ. ಅಲ್ಲಿ ಸ್ಲೋ ಸ್ಪೀಡ್ ಸ್ಕ್ರೂ (ಆಕ್ಸಿಲರೇಟರ್ ಬಿಟ್ಟಾಗಿನ ರೇಸ್ ಹೊಂದಿಸುವ ಸ್ಕ್ರೂ) ಇಳಿಸಿ ಕಳಿಸಿದರು. ಮರುದಿನ ಬೆಳಗ್ಗೆ ಚಳಿಗೆ ಬೈಕ್ ನಾಲ್ಕು ಸಲ ಆಫ್ ಆಯಿತು. ಎಂಜಿನ್ ಬಿಸಿಯಾದ ಮೇಲೆ ಮತ್ತೆ ಅದೇ ರೊಂಯ್. ತಣ್ಣಗಿದ್ದಾಗ ನಿಲ್ಲುತ್ತದೆ, ಬಿಸಿಯಾದಾಗ ರೇಸ್ ಇಳಿಯುವುದಿಲ್ಲ ಅಂದರೆ ತಪ್ಪು ಆ ಸ್ಕ್ರೂವಿನದಲ್ಲ. ಇನ್ನು ನಾನೇ ನೋಡುತ್ತೇನೆ ಅಂತ ಭಾನುವಾರ ಕುಳಿತೆ.

ಮೊದಲು ಕೇಬಲ್ ನೋಡಿದೆ. ನಮ್ಮ ಕಡೆಯ ಮಳೆಗೆ ಕೇಬಲ್ ಒಳಗೆ ನೀರು ಇಳಿದು ತುಕ್ಕು ಹಿಡಿಯುವುದು ಜಾಸ್ತಿ. ಎಂಜಿನ್ ಆಫ್ ಮಾಡಿ ಹಿಡಿ ಪೂರ್ತಿ ತಿರುಗಿಸಿ ಬಿಟ್ಟೆ. ಟಕ್ ಅಂತ ತಾನೇ ವಾಪಸ್ ಬಂತು. ಹಿಡಿಯಲ್ಲಿ 2ರಿಂದ 6 ಮಿಲಿಮೀಟರ್ ಸಡಿಲ ಇರಬೇಕು, ಇತ್ತು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಹ್ಯಾಂಡಲ್ ಅನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿದೆ. ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಆಗ ರೇಸ್ ಏರುತ್ತದೆ. ಏರಲಿಲ್ಲ. ಕೇಬಲ್ ಸರಿಯಿದೆ.

ನಂತರ ಚೋಕ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಅರ್ಧ ಎಳೆದು, ರೇಸ್ ಮಾಡಿ ಬಿಟ್ಟೆ. ಕೂಡಲೇ ಇಳಿಯಿತು! ಚೋಕ್ ತೆಗೆದೆ, ಮತ್ತೆ ರೇಸ್ ಇಳಿಯದೆ ಹಾಗೇ ಉಳಿಯಿತು. ಐದಾರು ಸಲ ಮಾಡಿದರೂ ಹಾಗೆಯೇ. ಚೋಕ್ ಹಾಕಿದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಅದರಿಂದ ಸರಿಯಾಗುತ್ತದೆ ಅಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಬೆಳ್ಳಗಿತ್ತು. ಕಾಫಿಪುಡಿಯಂಥ ಕಂದು ಬಣ್ಣ ಇರಬೇಕಿತ್ತು.

ಎತ್ತರದ ಜಾಗದಲ್ಲಿ ಹೀಗೇ ಆಗುತ್ತದೆ ಅಂದರು ಗೆಳೆಯರೊಬ್ಬರು. ಅದು ಉಲ್ಟಾ. ಮುಳ್ಳಯ್ಯನಗಿರಿಯಂಥ 1930 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ಕಾರ್ಬೊರೇಟರ್ ಗಾಡಿಗೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ, ಕಡಿಮೆ ಆಗುವುದಿಲ್ಲ.

ಹಾಗಾದರೆ ಹೆಚ್ಚಿನ ಗಾಳಿ ಎಲ್ಲಿಂದ? ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರ್ ಒಳಗಿನ ಸ್ಲೈಡ್ ಕೆಳಗೆ ಬಂದು ದಾರಿ ಮುಚ್ಚುತ್ತದೆ. ಆದರೆ ಎಂಜಿನ್ ಇನ್ನೂ ಜೋರಾಗಿ ತಿರುಗುತ್ತಾ ಗಾಳಿ ಎಳೆಯುತ್ತಲೇ ಇರುತ್ತದೆ. ಸ್ಲೈಡಿಗೂ ಎಂಜಿನ್‌ಗೂ ನಡುವಿನ ಜಾಗದಲ್ಲಿ ಎಳೆತ ಅತಿ ಹೆಚ್ಚು ಇರುವುದು ಆಗಲೇ. ಅಲ್ಲೊಂದು ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಹೊರಗಿನ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ತೆರೆದು ಓಡಿಸುವಾಗ ಮಾಮೂಲಿ ದಾರಿಯಲ್ಲೇ ಬೇಕಾದಷ್ಟು ಗಾಳಿ ಬರುವುದರಿಂದ ಈ ತೂತು ಗೊತ್ತೇ ಆಗುವುದಿಲ್ಲ. ಅದಕ್ಕೇ ಬೈಕ್ ಓಡಿಸುವಾಗ ಚೆನ್ನಾಗಿತ್ತು, ಬಿಟ್ಟಾಗ ಮಾತ್ರ ತೊಂದರೆ.

ಕೆಲವರು ಜಾಯಿಂಟಿನ ಮೇಲೆ ಪೆಟ್ರೋಲ್ ಚಿಮುಕಿಸಿ ಲೀಕ್ ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ದಯವಿಟ್ಟು ಅದನ್ನು ಮಾಡಬೇಡಿ, ಬೆಂಕಿ ಹತ್ತಬಹುದು. ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಸೋಪಿನ ನೀರು ತುಂಬಿದೆ. ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಒಂದೊಂದೇ ಜಾಗಕ್ಕೆ ಎರಡೆರಡು ಹನಿ ಬಿಟ್ಟೆ. ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ (ಮ್ಯಾನಿಫೋಲ್ಡ್) ಸಿಲಿಂಡರ್ ಹೆಡ್‌ಗೆ ಸೇರುವ ಜಾಯಿಂಟ್: ಏನೂ ಇಲ್ಲ. ಮ್ಯಾನಿಫೋಲ್ಡ್ ಮೈ: ಏನೂ ಇಲ್ಲ. ಕಾರ್ಬೊರೇಟರ್ ಫ್ಲೇಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ಕೂರುವ ಜಾಗದ ಮೇಲ್ಭಾಗಕ್ಕೆ ಬಿಟ್ಟ ತಕ್ಷಣ ಸದ್ದು ಬದಲಾಯಿತು. ರೇಸ್ ಕುಗ್ಗಿ, ನೀರು ಒಳಗೆ ಎಳೆದುಕೊಂಡ ಮೇಲೆ ಮತ್ತೆ ಏರಿತು. ಆ ಕ್ಷಣ ನನಗಾದ ಸಂತೋಷ ಹೇಳತೀರದು.

ಕಾರ್ಬೊರೇಟರ್ ಬಿಚ್ಚಿದೆ. ಒಳಗಿನ ಓ ರಿಂಗ್, ಅಂದರೆ ಗಾಳಿ ನುಸುಳದಂತೆ ತಡೆಯುವ ರಬ್ಬರ್ ಉಂಗುರ, ಚಪ್ಪಟೆಯಾಗಿ ಪ್ಲಾಸ್ಟಿಕ್ ಥರ ಗಟ್ಟಿಯಾಗಿತ್ತು. ಇನ್ನೊಂದು ವಿಷಯವನ್ನು ಗಾಜಿನ ತುಂಡು ತೋರಿಸಿತು. ಫ್ಲೇಂಜನ್ನು ಗಾಜಿನ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ, ಎರಡು ಬೋಲ್ಟ್ ತುದಿಗಳು ಮುಂದಕ್ಕೆ ಬಾಗಿ ನಡುವೆ ಬೆಳಕು ಕಾಣುತ್ತಿತ್ತು. ನಟ್ಟನ್ನು ಬಲ ಹಾಕಿ ಬಿಗಿದರೆ ಈ ಮೆದು ಲೋಹ ಹೀಗೆ ಬಾಗುತ್ತದೆ. ಲೀಕ್ ಇದೆ ಅಂತ ಇನ್ನಷ್ಟು ಬಿಗಿದರೆ ಇನ್ನಷ್ಟು ಬಾಗುತ್ತದೆ. ಬರೀ ಓ ರಿಂಗ್ ಬದಲಿಸಿದ್ದರೆ ತಿಂಗಳೊಳಗೆ ಮತ್ತೆ ಬಿಚ್ಚಬೇಕಾಗುತ್ತಿತ್ತೋ ಏನೋ.

ಅದೇ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಸಿ, ನೀರು ಹಾಕಿ, ಫ್ಲೇಂಜನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ಭಾರ ಹಾಕಲಿಲ್ಲ. ಮೈಯೆಲ್ಲಾ ಒಂದೇ ಥರ ಹೊಳೆಯುವವರೆಗೆ ಉಜ್ಜಿ, ಕೊನೆಗೆ 800ರಲ್ಲಿ ನುಣುಪು ಮಾಡಿದೆ. ಉಜ್ಜಿದ ಪುಡಿ ಒಂದು ಚೂರೂ ಎಂಜಿನ್ ಒಳಗೆ ಹೋಗಬಾರದು. ತೊಳೆದು, ಗಾಳಿ ಊದಿ, ಎರಡು ಸಲ ನೋಡಿದೆ. ಚಿಕ್ಕಮಗಳೂರಿನಿಂದ ತಂದ ಹೊಸ ಓ ರಿಂಗ್ ಹಾಕಿ, ಎರಡು ನಟ್ಟುಗಳನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿದೆ.

ಗಾಳಿ ಪೆಟ್ರೋಲ್ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ನೀವು ಮುಟ್ಟುವುದಾದರೆ ಮೊದಲು ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ಸ್ಕ್ರೂ ಫಿಲ್ಟರ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯದ್ದು, ಹೊರಗೆ ತಿರುಗಿಸಿದರೆ ಗಾಳಿ ಹೆಚ್ಚುತ್ತದೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದ್ದು, ಹೊರಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆಯ ಮಿತಿಯ ನಿಯಮ) ಇಂಜೆಕ್ಷನ್ ಬೈಕುಗಳಿಗೆ, ಅಂದರೆ ಕಾರ್ಬೊರೇಟರ್ ಇಲ್ಲದವಕ್ಕೆ, ಈ ಸ್ಕ್ರೂ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸೆನ್ಸರ್‌ಗಳನ್ನೂ ನೋಡಬೇಕು.

ಎಲ್ಲ ಜೋಡಿಸಿ ಕಿಕ್ ಹೊಡೆದರೆ ಸ್ಟಾರ್ಟ್ ಆಗಿ ತಕ್ಷಣ ನಿಂತುಹೋಯಿತು. ಮೊದಲು ಗಾಬರಿಯಾಯಿತು. ಆಮೇಲೆ ಹೊಳೆಯಿತು: ಲೀಕಿನಿಂದ ಬರುತ್ತಿದ್ದ ಗಾಳಿ ಈಗ ಇಲ್ಲ. ಗ್ಯಾರೇಜಿನಲ್ಲಿ ಇಳಿಸಿದ್ದ ಸ್ಲೋ ಸ್ಪೀಡ್ ಸ್ಕ್ರೂವನ್ನು ರೇಸ್ ಏರುವ ಕಡೆಗೆ ಒಂದು ಸುತ್ತು ತಿರುಗಿಸಿದೆ. ಎಂಜಿನ್ ಸಮವಾಗಿ ಓಡಿತು. ರೇಸ್ ಮಾಡಿ ಕೈ ಬಿಟ್ಟೆ, ಬಿಟ್ಟ ಕೂಡಲೇ ಇಳಿಯಿತು. ಮುಂದಿನ ಭಾನುವಾರ ಮತ್ತೆ ಚಾರ್ಮಾಡಿ ಇಳಿದೆ. ಅದೇ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬೈಕ್ ಹಿಂದಕ್ಕೆ ಜಗ್ಗಿ ಹಿಡಿಯಿತು.