ಹಡಗು ದಡ ಸೇರಿದ ದಿನ ಪಾಸ್‌ಪೋರ್ಟ್ ಎಲ್ಲಿರಬೇಕು

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಮರಳುವ ಹಡಗಿನಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಹೊಣೆ ನನ್ನ ಮೇಲೆ ಬಿದ್ದಾಗ ಟಿಕೆಟ್, ತಿಂಡಿ, ಔಷಧಿಯ ಕೆಲಸಗಳನ್ನು ಬೇರೆಯವರಿಗೆ ಹಂಚಿದೆ. ಪಾಸ್‌ಪೋರ್ಟ್ ಒಂದನ್ನು ಮಾತ್ರ ನಾನೇ ಇಟ್ಟುಕೊಂಡೆ. ಅತ್ತೆ, ಮಾವ, ಕಾಕಾ, ಕಾಕಿ, ಮೈದುನನ ಸಂಸಾರ, ನಾವು ಮತ್ತು ಮಕ್ಕಳು. ಇಷ್ಟು ಜನರಲ್ಲಿ ಒಬ್ಬರ ಪಾಸ್‌ಪೋರ್ಟ್ ಕೈತಪ್ಪಿದರೂ ಎಲ್ಲರ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನೆಂಟರಿಗೂ ಸಹೋದ್ಯೋಗಿಗಳಿಗೂ ಇದೇ ಕ್ರಮವನ್ನು ಹೇಳಿಕೊಡುತ್ತ ಬಂದಿದ್ದೇನೆ. ಕಲಬುರಗಿಯಿಂದ ಹೊರಡುವ ಇನ್ನಷ್ಟು ಮಂದಿಗೆ ನೆರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಪೆನಾಂಗ್‌ನಲ್ಲಿ ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆಸಬೇಕು. ಭಾರತದ ಹೈಕಮಿಷನ್ ಇರುವುದು ಕೌಲಾಲಂಪುರದಲ್ಲಿ. ಫುಕೆಟ್‌ನಲ್ಲಿ ಕಳೆದರೆ ರಾಯಭಾರ ಕಚೇರಿ ಬ್ಯಾಂಕಾಕ್‌ನಲ್ಲಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಹಡಗು ಲಂಗರು ಎತ್ತಿರುತ್ತದೆ. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳುವ ಒಂದು ಪಯಣಕ್ಕೆ ಮಾತ್ರ. ಅದನ್ನು ತೋರಿಸಿ ಪ್ರವಾಸ ಮುಂದುವರಿಸಲು ಆಗದು. ನಮಗೆ ಕೊಡುವ ಸಿಂಗಪುರದ ವೀಸಾ ಕೂಡ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆಯೇ ನಿಂತಿರುವುದರಿಂದ ಒಂದು ಹೋದರೆ ಇನ್ನೊಂದೂ ಹೋದಂತೆ. ವೀಸಾದ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ: ಹಡಗು ಹೊರಗೆ ಹೋಗಿ ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾವೇ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಕಿಸೆಗಳ್ಳರ ಭಯ ಎಲ್ಲರಿಗೂ ಇದೆ, ಇರಬೇಕಾದದ್ದೇ. ಆದರೆ ನಾನು ಕಂಡಂತೆ ಪಾಸ್‌ಪೋರ್ಟ್ ತಪ್ಪಿಹೋಗುವುದು ಹೆಚ್ಚಾಗಿ ಕೈ ಬದಲಾಗುವ ಗಳಿಗೆಯಲ್ಲಿ. ಕೌಂಟರಿನವರು ತೆಗೆದುಕೊಂಡು ಹಿಂದಿರುಗಿಸುವಾಗ, ಗಂಡ ಹೆಂಡತಿಗೆ ಕೊಡುವಾಗ, ಚೀಲದಿಂದ ಸೂಟ್‌ಕೇಸಿಗೆ ಹೋಗುವಾಗ, ‘ನಿಮ್ಮ ಹತ್ತಿರ ಇದೆ ಅಂದುಕೊಂಡಿದ್ದೆ’ ಎಂಬ ಮಾತು ಹುಟ್ಟುವ ಕಡೆಯಲ್ಲೆಲ್ಲ. ಹಾಗಾಗಿ ನಾನು ಮೊದಲೇ ಕಟ್ಟು ಮಾಡಿಬಿಟ್ಟೆ. ಪಾಸ್‌ಪೋರ್ಟ್ ಇರುವ ಜಾಗ ಎರಡೇ: ಒಂದು, ಮೈಮೇಲಿನ ಕಿಸೆ; ಇನ್ನೊಂದು, ಕ್ಯಾಬಿನ್‌ನ ಲಾಕರ್. ಮೇಜು, ದಿಂಬಿನ ಅಡಿ, ಸೀರೆಯ ಮಡಿಕೆ, ಮಕ್ಕಳ ಬೆನ್ನುಚೀಲ ಯಾವುದೂ ಇಲ್ಲ.

ಮೈಮೇಲಿನ ಕಿಸೆಯನ್ನು ಊರಲ್ಲೇ ಹೊಲಿಸಿದೆ. ಅಂಗಡಿಯಲ್ಲಿ ಸಿಗುವ ಸೊಂಟಪಟ್ಟಿ ಅತ್ತೆಯವರ ಸೀರೆಯ ನೆರಿಗೆಗೆ ಹೊಂದುವುದಿಲ್ಲ, ಮಾವನವರಿಗೆ ಅದರ ಬಿಗಿ ಆಗುವುದಿಲ್ಲ. ಆದರೆ ಮಾವನವರ ಹತ್ತಿರ ಹಳೆಯ ಕಿಸೆಯ ಬನಿಯನ್ ಒಂದಿತ್ತು. ತೊಗರಿ ಮಾರಿ ನೆಹರು ಗಂಜ್‌ನಿಂದ ಊರಿಗೆ ಹಣ ತರುವಾಗ ತೊಡುತ್ತಿದ್ದ, ಎದೆಯ ಎರಡೂ ಕಡೆ ಆಳದ ಕಿಸೆ ಇರುವ ಬನಿಯನ್. ಅದನ್ನೇ ಟೇಲರ್ ಮುಂದೆ ಇಟ್ಟು, ಒಂದು ಪಾಸ್‌ಪೋರ್ಟನ್ನೂ ಅಳತೆಗೆ ಕೊಟ್ಟೆ. ಪಾಸ್‌ಪೋರ್ಟಿನ ಉದ್ದ 125 ಮಿಲಿಮೀಟರ್, ಅಗಲ 88 ಮಿಲಿಮೀಟರ್. ಅದಕ್ಕೆ ಸುತ್ತಲೂ ಎರಡು ಬೆರಳು ಹೆಚ್ಚು ಬಿಟ್ಟು, ಬಾಯಿಗೆ ಜಿಪ್ ಇಟ್ಟು, ಒಳಗಡೆಯಿಂದ ಜೋಡು ಹೊಲಿಗೆ ಹಾಕಿಸಿದೆ. ಗಂಡಸರಿಗೆಲ್ಲ ಇದೇ ಬನಿಯನ್. ಅತ್ತೆಗೂ ಕಾಕಿಗೂ ಒಳಲಂಗದ ಸೊಂಟಪಟ್ಟಿಗೆ ಸೇರಿಸಿ, ಸೀರೆಯ ನೆರಿಗೆಯ ಹಿಂದೆ ಬರುವಂತೆ ಅದೇ ಅಳತೆಯ ಕಿಸೆ. ಎಲೆ ಅಡಿಕೆಯ ಸಂಚಿಯನ್ನು ವರ್ಷಗಟ್ಟಲೆ ಸೊಂಟಕ್ಕೆ ಸಿಕ್ಕಿಸಿದವರಿಗೆ ಇದು ಒಂದು ಭಾರವೇ ಆಗಲಿಲ್ಲ.

ಸಿಂಗಪುರ, ಪೆನಾಂಗ್ ಕಡೆಯ ಹವೆ ನಮ್ಮ ಬಿಸಿಲಿನಂಥದ್ದಲ್ಲ. ಅಲ್ಲಿ ಮೈ ಬೆವರಿದರೆ ಆರುವುದೇ ಇಲ್ಲ. ಬಟ್ಟೆಯ ಕಿಸೆಯಲ್ಲಿ ಪಾಸ್‌ಪೋರ್ಟ್ ನೇರವಾಗಿ ಇಟ್ಟರೆ ಸಂಜೆಗೆ ಪುಟಗಳು ಅಲೆಯಲೆಯಾಗುತ್ತವೆ. ಹಾಗಾಗಿ ಪ್ರತಿಯೊಂದನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಸೆಗೆ ಇಳಿಸುತ್ತೇವೆ. ಈಗ ಬರುತ್ತಿರುವ ಇ-ಪಾಸ್‌ಪೋರ್ಟ್‌ಗಳಲ್ಲಿ ಚಿಪ್ ಇರುತ್ತದೆ. ಅದನ್ನು ಮಡಚುವಂತೆ ಹಿಂದಿನ ಕಿಸೆಯಲ್ಲಿಟ್ಟು ಕುಳಿತುಕೊಳ್ಳಲೇಬಾರದು. ಪಾಸ್‌ಪೋರ್ಟಿನ ಮೇಲೆ ಹೆಸರು ಬರೆಯುವುದು, ಸ್ಟಿಕ್ಕರ್ ಅಂಟಿಸುವುದು, ಸ್ಟೇಪಲ್ ಹೊಡೆಯುವುದು ಇವು ಯಾವುವೂ ಬೇಡ. ಗುರುತಿಗೆ ಬೇಕಾದರೆ ಪ್ಲಾಸ್ಟಿಕ್ ಚೀಲದ ಮೇಲೆ ಬರೆಯಿರಿ.

ನಕಲುಗಳ ಬಗ್ಗೆ ನಾನು ಸ್ವಲ್ಪ ಹಟಮಾರಿ. ಮೊದಲ ಪುಟದ ಜೊತೆ ವಿಳಾಸ ಮತ್ತು ತಂದೆ ತಾಯಿಯ ಹೆಸರಿರುವ ಕೊನೆಯ ಪುಟವೂ ಬೇಕು, ವೀಸಾದ ಪ್ರತಿಯೂ ಬೇಕು. ಬಣ್ಣದ ಜೆರಾಕ್ಸ್ ಮಾಡಿಸಿ ಒಂದು ಕಟ್ಟು ನನ್ನ ಹತ್ತಿರ, ಒಂದು ಕಟ್ಟು ಮೈದುನನ ಹತ್ತಿರ. ಇಬ್ಬರ ಮೊಬೈಲಿನಲ್ಲೂ ಚಿತ್ರಗಳು, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವಂತೆ. ಪ್ರತಿಯೊಬ್ಬರ ಎರಡೆರಡು ಪಾಸ್‌ಪೋರ್ಟ್ ಅಳತೆಯ ಫೋಟೊ ಕೂಡ ಆ ಕಟ್ಟಿನಲ್ಲೇ ಇರಲಿ. ಏನಾದರೂ ಆದರೆ ಠಾಣೆಯಲ್ಲೂ ರಾಯಭಾರ ಕಚೇರಿಯಲ್ಲೂ ಮೊದಲು ಕೇಳುವುದು ಇವನ್ನೇ.

ಹಡಗು ಹತ್ತುವ ದಿನವೇ ಅತಿ ದೊಡ್ಡ ಗಂಡಾಂತರ ಇರುವುದು. ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಬಾಗಿಲಲ್ಲೇ ದೊಡ್ಡ ಸೂಟ್‌ಕೇಸ್‌ಗಳನ್ನು ತೆಗೆದುಕೊಂಡುಬಿಡುತ್ತಾರೆ. ಅವು ಗಂಟೆಗಳ ನಂತರ ಕ್ಯಾಬಿನ್ ಮುಂದೆ ಬಂದು ನಿಲ್ಲುತ್ತವೆ. ನಮ್ಮ ಮುಂದಿನ ಸಾಲಿನಲ್ಲಿ ಸೋಲಾಪುರದ ಕಡೆಯ ಒಂದು ಕುಟುಂಬ ಇತ್ತು. ಕೌಂಟರಿಗೆ ಬಂದಾಗ ಪಾಸ್‌ಪೋರ್ಟ್ ಎಲ್ಲಿ ಎಂದರೆ, ಭದ್ರವಾಗಿರಲಿ ಎಂದು ಬೀಗ ಹಾಕಿದ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದಾರೆ! ಸೂಟ್‌ಕೇಸ್ ಹಮಾಲರ ಗಾಡಿಯ ಮೇಲೆ ಒಳಗೆ ಹೋಗಿಯಾಗಿತ್ತು. ಆ ತಾಯಿ ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು, ಸಾಮಾನುಗಳ ರಾಶಿಯ ಕಡೆಗೆ ಸಿಬ್ಬಂದಿಯ ಹಿಂದೆ ಓಡುತ್ತಿದ್ದರು. ಕೊನೆಗೆ ಸಿಕ್ಕಿತು, ಹಡಗೂ ಸಿಕ್ಕಿತು. ಆದರೆ ಆಕೆಯ ಮುಖ ನೋಡಿ ನಮ್ಮ ಅತ್ತೆ ತಮ್ಮ ನೆರಿಗೆಯ ಮೇಲೆ ಕೈ ಇಟ್ಟುಕೊಂಡವರು ಕ್ಯಾಬಿನ್ ಸೇರುವ ತನಕ ತೆಗೆಯಲಿಲ್ಲ.

ಕೆಲವು ಯಾನಗಳಲ್ಲಿ ಹಡಗಿನವರೇ ಪಾಸ್‌ಪೋರ್ಟ್‌ಗಳನ್ನು ಇಟ್ಟುಕೊಳ್ಳುತ್ತಾರೆ, ಬಂದರುಗಳ ವಲಸೆ ಅಧಿಕಾರಿಗಳಿಗೆ ಒಟ್ಟಿಗೆ ತೋರಿಸಲು. ಅದಕ್ಕೆ ಗಾಬರಿಯಾಗಬೇಕಿಲ್ಲ. ರಸೀದಿ ಕೇಳಿ ಪಡೆಯಿರಿ, ಯಾವಾಗ, ಎಲ್ಲಿ ಹಿಂದಿರುಗಿಸುತ್ತೀರಿ ಎಂದು ಕೇಳಿ ರಸೀದಿಯ ಮೇಲೆಯೇ ಬರೆದುಕೊಳ್ಳಿ. ವಾಪಸ್ ಕೊಡುವಾಗ ಕೌಂಟರಿನ ಮುಂದೆಯೇ ನಿಂತು ಪ್ರತಿಯೊಂದನ್ನೂ ತೆರೆದು ಫೋಟೊ ನೋಡಿ. ನಮ್ಮ ಜಿಲ್ಲೆಯಲ್ಲಿ ಶರಣಬಸಪ್ಪ ಎಂಬ ಹೆಸರು ಓಣಿಗೆ ನಾಲ್ಕು ಇರುತ್ತವೆ. ನಮ್ಮ ಮನೆಯಲ್ಲೇ ಮಾವನವರದ್ದೂ ಕಾಕಾನವರದ್ದೂ ಅದೇ ಹೆಸರು, ಅದೇ ಅಡ್ಡಹೆಸರು. ಹೆಸರು ನೋಡಿ ಹಂಚಿದರೆ ಅದಲುಬದಲಾಗುವುದು ಖಂಡಿತ. ಹುಟ್ಟಿದ ದಿನಾಂಕವನ್ನೇ ನೋಡಬೇಕು.

ಪಾಸ್‌ಪೋರ್ಟ್ ನಮ್ಮ ಬಳಿಯೇ ಉಳಿದರೆ ಕ್ಯಾಬಿನ್ ಸೇರಿದೊಡನೆ ಲಾಕರಿಗೆ. ಅದರ ಗುಟ್ಟಿನ ಸಂಖ್ಯೆಯನ್ನು ನಾವೇ ಇಡಬೇಕು. ಹುಟ್ಟಿದ ವರ್ಷ, ಕ್ಯಾಬಿನ್ ಸಂಖ್ಯೆ ಬೇಡ. ಆ ಸಂಖ್ಯೆ ಇಬ್ಬರು ದೊಡ್ಡವರಿಗೆ ಗೊತ್ತಿರಲಿ. ಲಾಕರಿನಲ್ಲೇ ಇಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಯಾರಾದರೂ ದಡದಲ್ಲೇ ಉಳಿದು ಹಡಗು ತಪ್ಪಿಸಿಕೊಂಡರೆ, ಸಿಬ್ಬಂದಿ ಸಾಮಾನ್ಯವಾಗಿ ಅವರ ಕ್ಯಾಬಿನ್‌ನ ಲಾಕರ್ ತೆರೆದು ಪಾಸ್‌ಪೋರ್ಟ್ ಹುಡುಕಿ ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗುತ್ತಾರೆ. ಸೀರೆಗಳ ನಡುವೆ ಬಚ್ಚಿಟ್ಟಿದ್ದು ಅವರಿಗೆ ಎಲ್ಲಿ ಸಿಗಬೇಕು?

ಹಿಂದಿನ ರಾತ್ರಿ ಕ್ಯಾಬಿನ್‌ಗೆ ಮರುದಿನದ ಸೂಚನಾ ಹಾಳೆ ಬರುತ್ತದೆ. ಅದರಲ್ಲಿ ಊಟದ ವೇಳೆಗಿಂತ ಮೊದಲು ನಾನು ಓದುವುದು ಎರಡೇ ಸಾಲು: ದಡಕ್ಕೆ ಇಳಿಯಲು ಏನು ಬೇಕು, ಎಷ್ಟು ಗಂಟೆಯೊಳಗೆ ಮರಳಬೇಕು. ಬಂದರಿನಿಂದ ಬಂದರಿಗೆ ನಿಯಮ ಬೇರೆ. ನಮ್ಮ ಯಾನದಲ್ಲಿ ಪೆನಾಂಗ್‌ಗೆ ಮೂಲ ಪಾಸ್‌ಪೋರ್ಟ್ ತನ್ನಿ ಎಂದಿದ್ದರು, ಫುಕೆಟ್‌ಗೆ ನಕಲು ಮತ್ತು ಹಡಗಿನವರು ಕೊಡುವ ಗುರುತಿನ ಕಾರ್ಡ್, ಅಂದರೆ ಕ್ರೂಸ್ ಕಾರ್ಡ್ ಸಾಕು ಎಂದಿದ್ದರು. ನಿಮ್ಮ ಯಾನದಲ್ಲಿ ಇದು ತಿರುಗಾಮುರುಗಾ ಆಗಿರಬಹುದು. ಆ ಹಾಳೆಯ ಮಾತೇ ಅಂತಿಮ.

“ವೈನಿ, ಎಲ್ಲರದ್ದೂ ನೀವೇ ಹಿಡಿದುಕೊಂಡುಬಿಡಿ, ಒಂದೇ ಕಡೆ ಇದ್ದರೆ ಚಿಂತೆಯಿಲ್ಲ” ಎಂದ ಮೈದುನ ಪೆನಾಂಗ್‌ನ ಬೆಳಿಗ್ಗೆ. ನಾನು ಒಪ್ಪಲಿಲ್ಲ. ದಡದ ಮೇಲೆ ಎಲ್ಲ ಪಾಸ್‌ಪೋರ್ಟ್ ಒಂದೇ ಚೀಲದಲ್ಲಿದ್ದರೆ ಆ ಚೀಲ ಹೋದಾಗ ಎಲ್ಲರೂ ಹೋದರು. ಗುಂಪು ಎರಡಾದರೆ ಒಂದು ಗುಂಪಿನ ಕೈ ಬರಿದು. ಹಡಗಿನ ಒಳಗೆ ಒಂದೇ ಕಡೆ, ದಡದ ಮೇಲೆ ಅವರವರ ಮೈಮೇಲೆ. ಮಕ್ಕಳದ್ದು ಮಾತ್ರ ತಾಯಿಯ ಬಳಿ. ಇಳಿಯುವ ಮುಂಚೆ ಕ್ಯಾಬಿನ್‌ನಲ್ಲೇ ಕಿಸೆಗೆ ಹಾಕಿಸಿ, ಜಿಪ್ ಎಳೆದದ್ದನ್ನು ಕೈಮುಟ್ಟಿ ನೋಡಿದೆ. ಬಂದರಿನ ತಪಾಸಣೆ ಮುಗಿದ ಮೇಲೆ ಗೋಡೆಯ ಬದಿಗೆ ಎಲ್ಲರನ್ನೂ ನಿಲ್ಲಿಸಿ ಮತ್ತೆ ಒಳಗಿಡಿಸಿದೆ. ಈ ನಿಲ್ಲುವಿಕೆ ಮುಖ್ಯ. ಜನ ಪಾಸ್‌ಪೋರ್ಟ್ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬರುತ್ತಾರೆ, ಮುಂದೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ, ಕೈಯಲ್ಲಿದ್ದದ್ದು ಯಾವುದೋ ಸೀಟಿನ ಮೇಲೆ ಉಳಿಯುತ್ತದೆ.

ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟ್ಟನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್‌ಟೌನ್‌ನ ಹಳೆಯ ಪೇಟೆ ನಡೆದು ಹೋಗುವಷ್ಟು ಹತ್ತಿರ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು. ಲಿಟಲ್ ಇಂಡಿಯಾದ ಹೂವಿನ ಅಂಗಡಿಗಳು, ಮಾರಿಯಮ್ಮನ ಗುಡಿ ಕಂಡು ಅತ್ತೆಗೂ ಕಾಕಿಗೂ ಊರಿಗೆ ಬಂದಷ್ಟೇ ಸಂತೋಷ. ಆದರೆ ಬೈಕಿನ ಮೇಲೆ ಬಂದು ಚೀಲ ಕಸಿಯುವವರ ಬಗ್ಗೆ ಆ ಊರಿನಲ್ಲಿ ಎಚ್ಚರಿಕೆ ಹೇಳುತ್ತಾರೆ. ನಾವು ಕೈಚೀಲಗಳನ್ನು ರಸ್ತೆಯ ಕಡೆಗಲ್ಲದೆ ಗೋಡೆಯ ಕಡೆಯ ಹೆಗಲಿಗೆ ಹಾಕಿಕೊಂಡು ನಡೆದೆವು. ಆ ಚೀಲಗಳಲ್ಲಿ ನೀರು, ಕೊಡೆ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ, ಅಂದಿನ ಖರ್ಚಿನ ಚಿಲ್ಲರೆ ಇಷ್ಟೇ. ಹಣದ ಕಿಸೆಯೂ ಪಾಸ್‌ಪೋರ್ಟಿನ ಕಿಸೆಯೂ ಬೇರೆ ಬೇರೆ ಇರಬೇಕು; ಚಹಾ ಕುಡಿದಾಗಲೆಲ್ಲ ಬನಿಯನ್ನಿಗೆ ಕೈ ಹಾಕಿದರೆ ಅಲ್ಲೇನಿದೆ ಎಂದು ನೋಡುವವರಿಗೆ ತಿಳಿಯುತ್ತದೆ. ಗುಡಿಯಲ್ಲಿ, ಅಂಗಡಿಯಲ್ಲಿ ಯಾರಾದರೂ ಪಾಸ್‌ಪೋರ್ಟ್ ಒತ್ತೆಯಾಗಿ ಕೇಳಿದರೆ ಕೊಡಬೇಡಿ. ಸ್ಕೂಟರ್ ಬಾಡಿಗೆಗೆ ಕೊಡುವವರು ಹೀಗೆ ಕೇಳುವುದುಂಟು. ಫುಕೆಟ್‌ನಲ್ಲಿ ಮೈದುನನನ್ನೂ ಒಬ್ಬರು ಕೇಳಿದರು. ಅವನು ಸ್ಕೂಟರ್ ಬಿಟ್ಟು ಟ್ಯಾಕ್ಸಿಯಲ್ಲಿ ಬಂದ.

ಫುಕೆಟ್‌ನ ಪಟಾಂಗ್‌ನಲ್ಲಿ ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಹತ್ತುವಾಗ ಇಳಿಯುವಾಗ ನೀರು ಸಿಡಿಯುತ್ತದೆ, ಮಕ್ಕಳು ಅಲೆಗೆ ಓಡುತ್ತಾರೆ, ಬಟ್ಟೆಗಳು ಮರಳಿನ ಮೇಲೆ ಬೀಳುತ್ತವೆ. ಸ್ನಾನಕ್ಕೆ ಇಳಿಯುವವರ ಮೈಮೇಲೆ ಕಿಸೆ ನಿಲ್ಲುವುದಿಲ್ಲ. ಆದ್ದರಿಂದ ಅಲ್ಲಿ ನಕಲು ಸಾಕು ಎಂದದ್ದನ್ನು ಓದಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಹೇಳತೀರದು. ಮೂಲ ಪಾಸ್‌ಪೋರ್ಟ್‌ಗಳೆಲ್ಲ ಲಾಕರಿನಲ್ಲೇ ಉಳಿದವು. ಮೂಲವನ್ನೇ ಒಯ್ಯಬೇಕೆಂದು ಹೇಳಿದ್ದರೆ ಒಬ್ಬರು ನೀರಿಗೆ ಇಳಿಯದೆ ದಡದಲ್ಲೇ ಕೂರಬೇಕು. ಕಾಕಾ ಆ ಕೆಲಸಕ್ಕೆ ತಾವಾಗಿಯೇ ಒಪ್ಪಿಕೊಂಡಿದ್ದರು.

ಕ್ರೂಸ್ ಕಾರ್ಡ್ ಕೂಡ ಕಡಿಮೆಯದಲ್ಲ. ಹಡಗಿನಿಂದ ಇಳಿಯುವಾಗಲೂ ಹತ್ತುವಾಗಲೂ ಅದನ್ನೇ ಯಂತ್ರಕ್ಕೆ ತೋರಿಸಬೇಕು. ಅದು ಕಳೆದರೆ ಹೊಸದು ಮಾಡಿಕೊಡುತ್ತಾರೆ, ಆದರೆ ಬೇರೆಯವರ ಕೈಗೆ ಸಿಗಬಾರದು. ಕೊರಳಿಗೆ ಹಾಕಿ ಬಟ್ಟೆಯ ಒಳಗೆ ಇಳಿಬಿಡಿ. ಮರಳುವ ಸಮಯಕ್ಕೆ ಮೊಬೈಲ್ ಗಡಿಯಾರವನ್ನು ನಂಬಬೇಡಿ. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದಿದೆ, ಮೊಬೈಲ್ ತಾನಾಗಿ ಬದಲಾಗುತ್ತದೆ, ಹಡಗು ಯಾವ ಸಮಯ ಹಿಡಿದಿದೆ ಎಂಬುದು ಸೂಚನಾ ಹಾಳೆಯಲ್ಲೇ ಇರುತ್ತದೆ. ಮಾವನವರ ಕೈಗಡಿಯಾರವನ್ನು ಹಡಗಿನ ವೇಳೆಗೆ ಇಟ್ಟು, ಅದನ್ನೇ ಎಲ್ಲರೂ ಕೇಳಿದೆವು.

ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಅವು ಮತ್ತೆ ಸಿಗುವುದು ಮರುದಿನ ದಡದಲ್ಲಿ. ಹತ್ತುವ ದಿನದ ಗಂಡಾಂತರ ಇಲ್ಲಿ ಮತ್ತೊಮ್ಮೆ ಎದುರಾಗುತ್ತದೆ. ನಾನು ಸೂಟ್‌ಕೇಸ್ ಹೊರಗಿಡುವ ಮೊದಲೇ ಲಾಕರ್ ತೆರೆದು, ಎಲ್ಲರನ್ನೂ ಒಂದೇ ಕ್ಯಾಬಿನ್‌ಗೆ ಕರೆದು, ಅವರವರ ಬನಿಯನ್ನಿಗೆ, ಒಳಲಂಗದ ಕಿಸೆಗೆ ಪಾಸ್‌ಪೋರ್ಟ್ ಸೇರಿಸಿದೆ. ಬೆಳಿಗ್ಗೆ ತೊಡುವ ಬಟ್ಟೆ ಕುರ್ಚಿಯ ಮೇಲೆ, ಅದರಲ್ಲೇ ಪಾಸ್‌ಪೋರ್ಟ್. ಲಾಕರಿನಲ್ಲೇ ಬಿಡಬೇಕಾದವರು ತಮ್ಮ ಒಂದು ಚಪ್ಪಲಿಯನ್ನೂ ಅದರೊಳಗೆ ಇಡಲಿ. ಒಂಟಿ ಚಪ್ಪಲಿಯಲ್ಲಿ ಯಾರೂ ಹಡಗು ಇಳಿಯುವುದಿಲ್ಲ. ಲಾಕರಿನ ಬಾಗಿಲನ್ನು ತೆರೆದೇ ಬಿಟ್ಟು ಬನ್ನಿ, ಖಾಲಿಯಾದದ್ದು ಕಣ್ಣಿಗೆ ಕಾಣುತ್ತದೆ.

ಊರಿಗೆ ಬಂದ ಮೇಲೆ ನಕಲುಗಳನ್ನು ಎಣಿಸಿ ಹರಿದು ಹಾಕಿದೆ, ಮೈದುನನ ಮೊಬೈಲಿನಿಂದ ಚಿತ್ರಗಳನ್ನು ಅಳಿಸಿದೆ. ವಿಳಾಸ, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು ಎಲ್ಲ ಇರುವ ಹಾಳೆಯನ್ನು ರದ್ದಿಗೆ ಹಾಕಬಾರದು. ಜೊತೆಗೆ ಪ್ರತಿಯೊಂದರ ಅವಧಿ ಮುಗಿಯುವ ದಿನವನ್ನು ಡೈರಿಯಲ್ಲಿ ಬರೆದಿಟ್ಟೆ. ಹಡಗಿನವರು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತಾರೆ, ಕಾಕಿಯವರದ್ದು ಮುಂದಿನ ವರ್ಷವೇ ನವೀಕರಣಕ್ಕೆ ಬರುತ್ತದೆ.