ಎತ್ತರಿಸಿದ ಹಳೆ ಜೀಪಿಗೆ ಶಾಕ್ ಅಬ್ಸಾರ್ಬರ್: ನನ್ನ ಅನುಭವ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ದಾರಿ ಬರೀ ಕಲ್ಲು, ಕೊರಕಲು. ಅಲ್ಲಿಗೆ ಹಳೆ ಜೀಪೇ ಗತಿ. ಹಿಂದಿನ ಮಾಲೀಕರು ಅದನ್ನು 2 ಇಂಚು ಎತ್ತರಿಸಿದ್ದರು, ಶಾಕ್ (ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ) ಮಾತ್ರ ಮೊದಲಿನ ಅಳತೆಯದ್ದೇ. ಒಂದೇ ಮಳೆಗಾಲದಲ್ಲಿ ಎರಡು ಸಲ ಎಣ್ಣೆ ಸೋರಿತು. ನಾನು ಸುಮ್ನೆ ಮಾಲನ್ನು ಬೈದುಕೊಂಡೆ.

ತಪ್ಪು ಶಾಕಿನ ಉದ್ದದ್ದು. ಗಾಡಿ ಎತ್ತರವಾದಾಗ ಹಳೆ ಅಳತೆಯ ಶಾಕ್ ನಿಂತಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಎಳೆದುಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದರೆ ಪಟ್ಟೆಂದು ಕೊನೆ ಮುಟ್ಟುತ್ತದೆ, ಎಣ್ಣೆ ತಡೆಯುವ ಸೀಲ್ ಹೋಗುತ್ತದೆ.

ಈ ಸಲ ಟೇಪ್ ಹಿಡಿದೆ. ಸಮ ನೆಲದಲ್ಲಿ ಹಿಂದಿನ ಶಾಕಿನ ಮೇಲಿನ ಬೋಲ್ಟಿನಿಂದ ಕೆಳಗಿನದಕ್ಕೆ 17 ಇಂಚು. ಆಕ್ಸಲ್‌ನಿಂದ ಬಂಪ್ ಸ್ಟಾಪ್ ರಬ್ಬರಿಗೆ (ಆಕ್ಸಲ್ ಪೂರ್ತಿ ಮೇಲೆದ್ದಾಗ ಪೆಟ್ಟು ತಡೆಯುವ ರಬ್ಬರ್) 4 ಇಂಚು ಜಾಗ. ಅಂದರೆ ಪೂರ್ತಿ ಒತ್ತಿದಾಗ ಶಾಕ್ 13 ಇಂಚಿಗಿಂತ ಕಮ್ಮಿ ಇರಬೇಕು, ಇಲ್ಲದಿದ್ದರೆ ರಬ್ಬರ್ ತಿನ್ನಬೇಕಾದ ಪೆಟ್ಟನ್ನು ಶಾಕೇ ತಿನ್ನುತ್ತದೆ. ಆಮೇಲೆ ಶಾಕ್ ಬಿಚ್ಚಿ, ಚಾಸಿಗೆ ಜಾಕ್ ಕೊಟ್ಟು ಚಕ್ರ ಜೋತುಬಿಟ್ಟೆ. ಅದೇ ಎರಡು ಬೋಲ್ಟುಗಳ ನಡುವೆ 21 ಇಂಚು ಬಂತು. ಹಾಗಾಗಿ ಮಡಚಿದರೆ 12.5, ಎಳೆದರೆ 21.5 ಇಂಚು ಬರುವುದನ್ನು ಹುಡುಕಿದೆ. ಮುಂದಿನದ್ದನ್ನು ಬೇರೆಯಾಗಿಯೇ ಅಳೆಯಬೇಕು, ಅದು ಇದೇ ಲೆಕ್ಕವಲ್ಲ.

ಅಂಗಡಿಯವರು ಗಟ್ಟಿಯದ್ದು ತಗೊಳ್ಳಿ ಅಂದರು. ಭಾರ ಹೊರುವುದು ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ತಾನೆ, ಶಾಕ್ ಅಲ್ವಲ್ಲ! ಖಾಲಿ ಜೀಪಿಗೆ ಜಾಸ್ತಿ ಗಟ್ಟಿ ಹಾಕಿದರೆ ಕಲ್ಲಿನ ಮೇಲೆ ಕುಣಿಯುತ್ತದೆ. ಟ್ವಿನ್ ಟ್ಯೂಬ್, ಅಂದರೆ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುವ ಶಾಕ್, ಸಾಕು ಅಂದೆ. ಕಲ್ಲು ಬಡಿದು ಹೊರಗಿನ ಕೊಳವೆ ಸ್ವಲ್ಪ ನೆಗ್ಗಿದರೂ ಒಳಗಿನ ಪಿಸ್ಟನ್ ಓಡುತ್ತದೆ.

ಬುಷ್ (ಶಾಕಿನ ತುದಿಯ ರಬ್ಬರ್) ಬೋಲ್ಟುಗಳನ್ನು ಜೀಪ್ ನೆಲಕ್ಕಿಳಿದ ಮೇಲೆಯೇ ಬಿಗಿ ಮಾಡಿಸಿದೆ. ಈ ಮಳೆಗಾಲ ಮುಗಿಯಿತು, ಶಾಕ್ ಇನ್ನೂ ಒಣಗೇ ಇದೆ.