ಅಮೆರಿಕದ ಫೋನಿಗೆ ಕಸ್ಟಮ್ ರಾಮ್ ಹಾಕುವ ಮುಂಚೆ

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಪಿಕ್ಸೆಲ್, ಗ್ಯಾಲಕ್ಸಿ ಫೋನುಗಳು ಮೈಸೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೂ ಬರುತ್ತವೆ. 'ಅನ್‌ಲಾಕ್ಡ್ ಪೀಸ್ ಸಾರ್' ಅಂತ ಅಂಗಡಿಯವರು ಹೇಳಿದರೆ ಅದು ಸಿಮ್ ಲಾಕ್ ಬಗ್ಗೆ ಮಾತ್ರ. ಲಿನಿಯೇಜ್‌ಓಎಸ್‌ನಂಥ ಕಸ್ಟಮ್ ರಾಮ್, ಅಂದರೆ ಕಂಪನಿಯದರ ಬದಲಿಗೆ ಹಾಕುವ ಬೇರೆ ಆಂಡ್ರಾಯ್ಡ್ ಸಾಫ್ಟ್‌ವೇರ್, ಹಾಕಬೇಕು ಅನ್ನುವವರಿಗೆ ಬೇಕಾದದ್ದು ಬೂಟ್‌ಲೋಡರ್ (ಫೋನ್ ಆನ್ ಆದಾಗ ಮೊದಲು ಓಡಿ ಮಿಕ್ಕ ಸಾಫ್ಟ್‌ವೇರ್ ಎಬ್ಬಿಸುವ ಪ್ರೋಗ್ರಾಮ್) ಅನ್‌ಲಾಕ್. ಇವೆರಡೂ ಬೇರೆ ಬೇರೆ. ಸಿಮ್ ಲಾಕ್ ಬೇರೆ ಕಂಪನಿಯ ಸಿಮ್ ತಡೆಯುತ್ತದೆ. ಬೂಟ್‌ಲೋಡರ್ ಲಾಕ್ ತಯಾರಕರ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರ್ ಓಡಲು ಬಿಡುವುದಿಲ್ಲ.

ದುಡ್ಡು ಕೊಡುವ ಮುಂಚೆ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಜಿಯೋ ಸಿಮ್ ಆದರೆ ಇನ್ನೂ ಒಳ್ಳೆಯದು. ಜಿಯೋಗೆ 2ಜಿ, 3ಜಿ ಇಲ್ಲದ್ದರಿಂದ ವೋಲ್ಟಿ (4ಜಿ ಮೇಲೆ ಕರೆ) ಕೆಲಸ ಮಾಡದ ಫೋನಿನಲ್ಲಿ ನೆಟ್ ಬಂದರೂ ಕರೆ ಹೋಗುವುದಿಲ್ಲ. ಆಮೇಲೆ *#06# ಒತ್ತಿ ಐಎಂಇಐ (ಫೋನಿನ ಗುರುತಿನ ನಂಬರ್) ನೋಡಿ, ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಭಾರತದಲ್ಲಿ ಬ್ಲ್ಯಾಕ್‌ಲಿಸ್ಟ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಫೋನನ್ನು ವೈಫೈಗೆ ಸೇರಿಸಿ, ಕೆಲವು ನಿಮಿಷ ಬಿಟ್ಟು ಬೂಟ್‌ಲೋಡರ್ ತೆರೆಯಲು ಅನುಮತಿ ಕೊಡುವ 'ಓಇಎಂ ಅನ್‌ಲಾಕಿಂಗ್' ಸ್ವಿಚ್ ನೋಡಿ. ಅದು ಮಂಕಾಗಿದ್ದು ಒತ್ತಿದರೂ ಜಗ್ಗದಿದ್ದರೆ ಕೊಳ್ಳಬೇಡಿ. ಅಮೆರಿಕದ ಮೊಬೈಲ್ ಕಂಪನಿಗಳಾದ ಟಿ-ಮೊಬೈಲ್, ಎಟಿ ಅಂಡ್ ಟಿ ಮಾರಿದ ಪಿಕ್ಸೆಲ್‌ಗಳಲ್ಲಿ ಸಿಮ್ ಲಾಕ್ ತೆಗೆಸಿದ ಮೇಲೆ ಈ ಸ್ವಿಚ್ ಸಾಮಾನ್ಯವಾಗಿ ಜೀವ ಪಡೆಯುತ್ತದೆ. ಅಲ್ಲಿನದೇ ಇನ್ನೊಂದು ಕಂಪನಿ ವೆರೈಝನ್ ಮಾರಿದ ಪಿಕ್ಸೆಲ್‌ಗಳಲ್ಲಿ ಸಿಮ್ ಲಾಕ್ ಹೋದರೂ ಅದು ಮಂಕಾಗಿಯೇ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಮಾಡೆಲ್ ನಂಬರ್ ನೋಡಿದರೆ ಸಾಕು: ಕೊನೆಯಲ್ಲಿ ಯು ಅಥವಾ ಯು1 ಇದ್ದರೆ ಅಮೆರಿಕದ ಪೀಸ್. ಅದರ ಬೂಟ್‌ಲೋಡರ್ ತೆರೆಯಲು ಕಂಪನಿ ದಾರಿ ಕೊಟ್ಟಿಲ್ಲ. 'ದುಡ್ಡು ಕೊಡಿ, ಮಾಡಿಕೊಡ್ತೀವಿ' ಅನ್ನುವವರು ಸಿಮ್ ಲಾಕ್ ತೆಗೆಯಬಲ್ಲರೇನೋ, ಇದನ್ನಲ್ಲ.

ಪೂರ್ತಿ ದುಡ್ಡು ಕೊಟ್ಟು ಕೊಂಡ ಫೋನಿಗೆ ಇಷ್ಟೊಂದು ಕಟ್ಟುಪಾಡು ಅನ್ಯಾಯವೇ ಸರಿ. ಅಮೆರಿಕದಲ್ಲಿ 2014ರ ಕಾಯ್ದೆ ಸಿಮ್ ಲಾಕ್ ತೆಗೆಯುವುದನ್ನು ಕಾನೂನುಬದ್ಧ ಮಾಡಿತು. ಫೋನಿನ ಸಾಫ್ಟ್‌ವೇರ್ ಬದಲಿಸಿಕೊಳ್ಳುವವರಿಗೆ ಕಾಪಿರೈಟ್ ಕಾನೂನಿನಿಂದ 2010ರಲ್ಲೇ ವಿನಾಯಿತಿ ಸಿಕ್ಕಿತ್ತು. ಆದರೆ ಬೂಟ್‌ಲೋಡರ್ ತೆರೆದು ಕೊಡಲೇಬೇಕು ಅಂತ ಇವೆರಡೂ ಕಂಪನಿಗಳಿಗೆ ಹೇಳಲಿಲ್ಲ.

ಸ್ವಿಚ್ ಆನ್ ಆಯಿತೇ? ಅದರ ಜೊತೆಗೇ, ಲ್ಯಾಪ್‌ಟಾಪ್‌ನಿಂದ ಫೋನಿಗೆ ಆಜ್ಞೆ ಕೊಡಲು ಬೇಕಾದ ಯುಎಸ್‌ಬಿ ಡಿಬಗ್ಗಿಂಗ್ ಕೂಡ ಆನ್ ಮಾಡಿ. ಮಿಕ್ಕದ್ದು ಲ್ಯಾಪ್‌ಟಾಪ್‌ನಲ್ಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬೇಡ, ಫ್ಲ್ಯಾಶ್ ಆಗುವಾಗ (ಹೊಸ ಸಾಫ್ಟ್‌ವೇರ್ ಫೋನಿಗೆ ಬರೆಯುವಾಗ) ಕರೆಂಟ್ ಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಂಡು, ಫೋನನ್ನು ಕೇಬಲ್‌ನಿಂದ ಸೇರಿಸಿ, ಕಮಾಂಡ್ ವಿಂಡೋದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಎಡಿಬಿ ರೀಬೂಟ್ ಬೂಟ್‌ಲೋಡರ್' ಕೊಡಿ. ನಂತರ 'ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಗೆಟ್_ಅನ್‌ಲಾಕ್_ಎಬಿಲಿಟಿ' ಕೊಟ್ಟಾಗ 1 ಬಂದರೆ ಮುಂದುವರಿಯಬಹುದು, 0 ಬಂದರೆ ಇಲ್ಲ. 'ವೇಟಿಂಗ್ ಫಾರ್ ಎನಿ ಡಿವೈಸ್' ಅಂತ ನಿಂತೇ ಬಿಟ್ಟರೆ ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್ ಇರಬಹುದು, ಇಲ್ಲವೇ ವಿಂಡೋಸ್‌ನಲ್ಲಿ ಗೂಗಲ್ ಯುಎಸ್‌ಬಿ ಡ್ರೈವರ್ ಇಲ್ಲ.

'ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್' ಕೊಟ್ಟ ಮೇಲೆ ವಾಲ್ಯೂಮ್ ಬಟನ್‌ನಿಂದ ಆರಿಸಿ, ಪವರ್ ಬಟನ್ ಒತ್ತಿ. ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೋ, ವಾಟ್ಸಾಪ್, ಅಥೆಂಟಿಕೇಟರ್ ಕೋಡ್ ಎಲ್ಲ ಮುಂಚೆಯೇ ಬೇರೆಡೆ ತೆಗೆದಿಟ್ಟಿರಬೇಕು. ಅನ್‌ಲಾಕ್ ಆದ ಫೋನು ಗೂಗಲ್‌ನ ಪ್ಲೇ ಇಂಟೆಗ್ರಿಟಿ (ಫೋನು, ಸಾಫ್ಟ್‌ವೇರ್ ಅಸಲಿಯೇ ಅಂತ ನೋಡುವ) ಪರೀಕ್ಷೆಯಲ್ಲಿ ಸೋಲುವುದರಿಂದ ಕೆಲವು ಬ್ಯಾಂಕ್, ಯುಪಿಐ ಆಪ್‌ಗಳು ತೆರೆಯುವುದಿಲ್ಲ. ಯುಪಿಐಗೆ ಬೇರೊಂದು ಫೋನ್ ಇಟ್ಟುಕೊಂಡೇ ಇದಕ್ಕೆ ಕೈ ಹಾಕಿ.

ಮುಂದೆ ಮಾರುವಾಗ ಮತ್ತೆ ಲಾಕ್ ಮಾಡಬೇಕಾದರೆ ಮೊದಲು ಗೂಗಲ್‌ನ ಫ್ಯಾಕ್ಟರಿ ಇಮೇಜ್ (ಫೋನಿನ ಮೂಲ ಸಾಫ್ಟ್‌ವೇರ್) ಹಾಕಿ, ಫೋನು ಸರಿಯಾಗಿ ಆನ್ ಆಗುವುದನ್ನು ನೋಡಿ, ಆಮೇಲಷ್ಟೇ 'ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಲಾಕ್' ಕೊಡಿ. ಲಿನಿಯೇಜ್ ಇರುವಾಗಲೇ ಲಾಕ್ ಮಾಡಿದರೆ ಫೋನು ಬೂಟ್ ಆಗದೆ ನಿಲ್ಲುತ್ತದೆ. ಓಇಎಂ ಸ್ವಿಚ್ಚನ್ನು ಎಲ್ಲಕ್ಕಿಂತ ಕೊನೆಗೆ ಆಫ್ ಮಾಡಿ. ಪಿಕ್ಸೆಲ್ 6 ಸಾಲಿನ ಫೋನು ಒಮ್ಮೆ ಆಂಡ್ರಾಯ್ಡ್ 13ಕ್ಕೆ ಹೋಗಿದ್ದರೆ 12ರ ಹಳೆಯ ಇಮೇಜ್ ಹಾಕಬೇಡಿ, ಬೂಟ್‌ಲೋಡರ್ ಅದನ್ನು ಒಪ್ಪುವುದಿಲ್ಲ.